ಅಂಗಡಿ ನಂಬರಿಗೆ ಆಟೋ ರಿಪ್ಲೈ: ವಾಟ್ಸಾಪ್ ಆ್ಯಪ್ ಸಾಕಾ, ಎಪಿಐ ಬೇಕಾ, ಎಸ್ಸೆಮ್ಮೆಸ್ ಆಗುತ್ತಾ?

ಆಟೋ ರಿಪ್ಲೈ ಹಾಕಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಆ್ಯಪ್ ಒಳ್ಳೇದು?" ಅಂತ. ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಹೋದ ವಾರ ಅಂಗಡಿ ನಂಬರಿಗೆ ಬಂದ ಮೆಸೇಜುಗಳನ್ನೆಲ್ಲ ಒಂದು ಸಲ ಕೂತು ಓದಿ. ಓದುತ್ತಾ ಎರಡು ಭಾಗ ಮಾಡಿ. ಯಾರು ಕೇಳಿದರೂ ಒಂದೇ ಉತ್ತರ ಇರುವಂಥವು ಒಂದು ಕಡೆ: ಅಂಗಡಿ ಎಷ್ಟು ಹೊತ್ತಿಗೆ ತೆಗೀತೀರಾ, ಭಾನುವಾರ ಇರ್ತೀರಾ, ಲೊಕೇಶನ್ ಕಳಿಸಿ, ಅರ್ಧ ಕೆಜಿ ಕೇಕಿಗೆ ಎಷ್ಟು. ನೋಡಿ, ಯೋಚನೆ ಮಾಡಿ ಹೇಳಬೇಕಾದವು ಇನ್ನೊಂದು ಕಡೆ: ಬ್ಲೌಸಿನ ಫೋಟೋ ಕಳಿಸಿ "ಈ ಥರ ಹೊಲಿದು ಕೊಡ್ತೀರಾ" ಅಂತ ಕೇಳಿದ್ದು, ಹೋದ ಸಲದ ಬಿಲ್ಲಿನಲ್ಲಿ ಏನೋ ತಪ್ಪಾಗಿದೆ ಅಂದಿದ್ದು, ಮದುವೆ ಆರ್ಡರಿಗೆ ಎಷ್ಟು ಕಡಿಮೆ ಮಾಡ್ತೀರಾ ಅಂದಿದ್ದು.

ಆಟೋ ರಿಪ್ಲೈಗೆ ಬಿಡಬೇಕಾದ್ದು ಮೊದಲನೇ ಭಾಗ ಮಾತ್ರ. ಎರಡನೇ ಭಾಗಕ್ಕೆ ಅದು ಮಾಡಬಹುದಾದ ಉಪಕಾರ ಒಂದೇ, "ಇಷ್ಟು ಹೊತ್ತಿಗೆ ಮಾಲೀಕರು ಉತ್ತರ ಕೊಡುತ್ತಾರೆ" ಅಂತ ನಿಜ ಹೇಳಿ, ಮೆಸೇಜನ್ನು ನಿಮ್ಮ ಕಣ್ಣಿಗೆ ಬೇಗ ಬೀಳಿಸುವುದು. ಮೊದಲನೇ ಭಾಗ ದಿನಕ್ಕೆ ಹತ್ತೋ ಹದಿನೈದೋ ಇದ್ದರೆ ಒಂದು ದಾರಿ, ನೂರಾರು ಇದ್ದರೆ ಇನ್ನೊಂದು, ಅದೇ ಎಪಿಐ, ಅಂದರೆ ವಾಟ್ಸಾಪಿಗೆ ನೇರವಾಗಿ ನಿಮ್ಮ ಪ್ರೋಗ್ರಾಮ್ ಜೋಡಿಸುವ ದಾರಿ. ಈ ಲೆಕ್ಕ ಹಾಕದೆ ಯಾರ ಹತ್ತಿರವೋ ತಿಂಗಳಿಗೆ ಸಾವಿರಾರು ರೂಪಾಯಿಯ ಪ್ಲಾನ್ ತಗೊಂಡರೆ, ಪುಕ್ಕಟೆ ಆಗುತ್ತಿದ್ದ ಕೆಲಸಕ್ಕೆ ಸುಮ್ನೆ ದುಡ್ಡು ಕಟ್ಟುತ್ತಾ ಇರುತ್ತೀರಿ.

ಎಸ್ಸೆಮ್ಮೆಸ್ಸಿನ ವಿಷಯ ಮೊದಲು ಮುಗಿಸಿಬಿಡೋಣ

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಹೆಚ್ಚಿನ ಪಾಠಗಳು ಅಮೆರಿಕದ ಲೆಕ್ಕದಲ್ಲಿ ಬರೆದಿರುವಂಥವು. ಅಲ್ಲಿ ಟ್ವಿಲಿಯೊ ಥರದ ಕಂಪನಿಯಿಂದ ಹತ್ತಂಕಿಯ ನಂಬರ್ ಬಾಡಿಗೆಗೆ ತಗೊಂಡು, ಗ್ರಾಹಕರ ಎಸ್ಸೆಮ್ಮೆಸ್ ಬಂದ ಕೂಡಲೇ ಅದೇ ನಂಬರಿನಿಂದ ಉತ್ತರ ಕಳಿಸಬಹುದು. ಅಮೆರಿಕದಲ್ಲಿ ಕ್ಲಿನಿಕ್ಕೋ ಟ್ಯೂಷನ್ ಸೆಂಟರೋ ನಡೆಸುತ್ತಿರುವ ನಮ್ಮವರಿಗೆ ಇದು ಸರಿಯಾದ ದಾರಿಯೇ, ನಂಬರನ್ನು ಅಲ್ಲಿ ವ್ಯಾಪಾರದ ಮೆಸೇಜಿಗೆ ಅಂತಿರುವ ಟೆನ್ ಡಿಎಲ್‌ಸಿ ಪದ್ಧತಿಯಲ್ಲಿ ನೋಂದಾಯಿಸಿಕೊಳ್ಳಬೇಕು ಅಷ್ಟೇ. ಆದರೆ ಹುಬ್ಬಳ್ಳಿಯಲ್ಲೋ ತುಮಕೂರಲ್ಲೋ ಕೂತು ಅದೇ ಪಾಠ ಹಿಡಿದು ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ.

ಇಲ್ಲಿ ವ್ಯಾಪಾರದ ಎಸ್ಸೆಮ್ಮೆಸ್ ಹೋಗುವುದು ನಂಬರಿನ ಬದಲು ಕಾಣುವ ಆರು ಅಕ್ಷರದ ಹೆಡರ್‌ನಿಂದ. ಬ್ಯಾಂಕಿನಿಂದ ಬರುವ ಮೆಸೇಜ್ ನೋಡಿರುತ್ತೀರಲ್ಲ, ಹಾಗೆ. ಅದಕ್ಕೆ ಯಾರೂ ತಿರುಗಿ ಉತ್ತರ ಬರೆಯೋಕಾಗಲ್ಲ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಮೊದಲು ನಿಮ್ಮ ಸಂಸ್ಥೆ, ಆಮೇಲೆ ಹೆಡರ್, ಆಮೇಲೆ ಕಳಿಸುವ ಒಂದೊಂದು ಮೆಸೇಜಿನ ಮಾದರಿಯನ್ನೂ ನೋಂದಾಯಿಸಬೇಕು. 2021ರ ಮಾರ್ಚಿನಲ್ಲಿ ಇದನ್ನು ಬಿಗಿ ಮಾಡಿದ ದಿನ ದೇಶದ ತುಂಬ ಒಟಿಪಿಗಳೇ ನಿಂತುಹೋಗಿ, ಒಂದು ವಾರದ ಮಟ್ಟಿಗೆ ಅದನ್ನು ಸಡಿಲ ಮಾಡಬೇಕಾಯಿತು. ನೋಂದಣಿಗೆ ಜಿಎಸ್‌ಟಿ ಸೇರಿ 5,900 ರೂಪಾಯಿ ಆಸುಪಾಸು ಆಗುತ್ತದೆ. 2025ರಿಂದ ಹೆಡರ್ ಕೊನೆಗೆ ಜಾಹೀರಾತಿಗೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ ಅಂತ ಗುರುತು ಕೂಡ ಬರುತ್ತಿದೆ. ಗ್ರಾಹಕರ ಮೆಸೇಜ್ ಒಳಗೆ ಬರಬೇಕಾದರೆ ಲಾಂಗ್ ಕೋಡ್ ಅನ್ನುವ ಬೇರೆ ನಂಬರನ್ನೇ ಬಾಡಿಗೆಗೆ ಹಿಡಿಯಬೇಕು. ಬರುವ ಬಾಗಿಲು ಒಂದು, ಹೋಗುವ ಬಾಗಿಲು ಇನ್ನೊಂದು. ಗ್ರಾಹಕರಿಗೆ ಇದು ಒಂದು ಮಾತುಕತೆ ಅಂತ ಅನ್ನಿಸುವುದೇ ಇಲ್ಲ.

ಕನ್ನಡದಲ್ಲಿ ಕಳಿಸುವವರಿಗೆ ಇನ್ನೂ ಒಂದು ತೊಡಕು. ಇಂಗ್ಲಿಷ್ ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. "ನಿಮ್ಮ ಆರ್ಡರ್ ರೆಡಿ ಇದೆ. ಇಂದು ರಾತ್ರಿ 8ರೊಳಗೆ ಅಂಗಡಿಗೆ ಬಂದು ತೆಗೆದುಕೊಳ್ಳಿ." ಇಷ್ಟಕ್ಕೇ 68 ಆಯಿತು. ಇದಕ್ಕೆ ಅಂಗಡಿ ಹೆಸರು ಸೇರಿಸಿದರೆ ಎರಡು ಮೆಸೇಜಿನ ದುಡ್ಡು. ಇಂಗ್ಲಿಷಿನಲ್ಲೇ ಬರೆದು ಮಧ್ಯೆ ಒಂದೇ ಒಂದು ₹ ಚಿಹ್ನೆ ಹಾಕಿದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಬಂದುಬಿಡುತ್ತದೆ.

ಹಾಗಂತ ಎಸ್ಸೆಮ್ಮೆಸ್ ಬೇಡವೇ ಬೇಡ ಅಂತಲ್ಲ. ಲ್ಯಾಬ್ ರಿಪೋರ್ಟ್ ಸಿದ್ಧ ಇದೆ, ನಾಳೆ ಕಂತು ಕಟ್ಟಬೇಕು, ಈ ಥರ ನಾವೇ ತಿಳಿಸಬೇಕಾದ ವಿಷಯಕ್ಕೆ, ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿಗೂ ಮುಟ್ಟುವ ದಾರಿ ಇವತ್ತಿಗೂ ಅದೇ. ಕೇಳಿದ್ದಕ್ಕೆ ಉತ್ತರ ಕೊಡುವ ವ್ಯವಸ್ಥೆಯನ್ನು ಅದರ ಮೇಲೆ ಕಟ್ಟಬೇಡಿ ಅನ್ನುವುದಷ್ಟೇ ನನ್ನ ಮಾತು. ಸ್ವಂತ ಸಿಮ್ ಹಾಕಿಕೊಂಡು, ಮೊಬೈಲಿನಲ್ಲಿ ಒಂದು ಆಟೋ ಎಸ್ಸೆಮ್ಮೆಸ್ ಆ್ಯಪ್ ಹಾಕಿ ನಡೆಸಿಬಿಡೋಣ ಅನ್ನುವವರೂ ಇದ್ದಾರೆ. ಸಾಮಾನ್ಯ ರೀಚಾರ್ಜ್ ಪ್ಯಾಕಿನಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಅಷ್ಟೇ ಸಿಗುವುದು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಸ್ವಂತ ಸಿಮ್ಮಿನಿಂದ ವ್ಯಾಪಾರದ ಮೆಸೇಜ್ ಕಳಿಸುವುದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ, ದೂರು ಹೋದರೆ ಸಿಮ್ಮೇ ಬಂದ್ ಆಗಬಹುದು. ಅಂಗಡಿ ಬೋರ್ಡ್ ಮೇಲೆ ಬರೆಸಿದ ನಂಬರ್ ಅದು, ಅಲ್ವಾ?

ಪುಕ್ಕಟೆ ಸಿಗುವ ವಾಟ್ಸಾಪ್ ಬಿಸಿನೆಸ್ ಆ್ಯಪ್

ದಿನಕ್ಕೆ ಮೂವತ್ತು ನಲವತ್ತು ಮೆಸೇಜಿನ ಒಳಗಿದ್ದರೆ ಇದರಲ್ಲೇ ಶುರು ಮಾಡಿ. 2018ರಿಂದ ಇರುವ ಆ್ಯಪ್, ತುಂಬ ಜನರ ಫೋನಿನಲ್ಲಿ ಈಗಾಗಲೇ ಇದೆ, ಆದರೆ ಒಳಗಿನ ಸೌಲಭ್ಯಗಳನ್ನು ತೆರೆದೇ ನೋಡಿರುವುದಿಲ್ಲ. ಆಟೋ ರಿಪ್ಲೈಗೆ ಬೇಕಾದ್ದು ಅದರಲ್ಲಿ ಮೂರು ಇವೆ.

ಗ್ರೀಟಿಂಗ್ ಮೆಸೇಜ್ ಹೋಗುವುದು ಮೊದಲ ಸಲ ಬರೆದವರಿಗೆ, ಅಥವಾ 14 ದಿನ ಏನೂ ಮಾತುಕತೆ ಇಲ್ಲದೆ ಮತ್ತೆ ಬರೆದವರಿಗೆ. ಅವೇ (Away) ಮೆಸೇಜ್, ಅಂದರೆ ನೀವು ಇಲ್ಲದಾಗಿನ ಉತ್ತರ, ಹೋಗುವುದು ನೀವು ಹೇಳಿದ ಹೊತ್ತಿನಲ್ಲಿ, ಅಂಗಡಿ ಮುಚ್ಚಿದ ಮೇಲೆ ಮಾತ್ರ ಅಂತಲೂ ಇಡಬಹುದು. ಕ್ವಿಕ್ ರಿಪ್ಲೈ ಅಂದರೆ ನೀವು / ಒತ್ತಿ ಒಂದು ಪದ ಬರೆದರೆ ಮೊದಲೇ ಬರೆದಿಟ್ಟ ಪೂರ್ತಿ ಉತ್ತರ ಬಂದು ಕೂರುತ್ತದೆ, ಇಂಥವು 50ರವರೆಗೆ ಇಟ್ಟುಕೊಳ್ಳಬಹುದು. ಕೊನೆಯದು ತಾನಾಗಿ ಹೋಗುವುದಿಲ್ಲ, ನೀವೇ ಒತ್ತಬೇಕು. ಆದರೂ ನನಗೆ ಕೇಳಿದರೆ ಈ ಮೂರರಲ್ಲಿ ಅತಿ ಹೆಚ್ಚು ಸಮಯ ಉಳಿಸುವುದು ಅದೇ. ಮೆಸೇಜನ್ನು ಓದಿದವರು ಮನುಷ್ಯರು, ಬೆರಳು ಸವೆಸಿಕೊಳ್ಳುವುದು ಮಾತ್ರ ತಪ್ಪಿತು.

ಗ್ರೀಟಿಂಗ್ ಬರೆಯುವಾಗ ಹೆಚ್ಚಿನವರು "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು, ಶೀಘ್ರದಲ್ಲೇ ಉತ್ತರಿಸುತ್ತೇವೆ" ಅಂತ ಬರೆದು ಬಿಡುತ್ತಾರೆ. ಅದರಿಂದ ಯಾರಿಗೂ ಉಪಯೋಗ ಇಲ್ಲ. ಹೀಗೆ ಬರೆದು ನೋಡಿ: "ನಮಸ್ಕಾರ. ಅಂಗಡಿ ಬೆಳಗ್ಗೆ 10ರಿಂದ ರಾತ್ರಿ 8, ಮಂಗಳವಾರ ರಜೆ. ಕೇಕ್ ಬೇಕಿದ್ದರೆ ಯಾವ ದಿನಕ್ಕೆ, ಎಷ್ಟು ಕೆಜಿ, ಮೊಟ್ಟೆ ಹಾಕಿದ್ದಾ ಹಾಕದ್ದಾ, ಮೇಲೆ ಯಾವ ಹೆಸರು ಬರೀಬೇಕು, ಇಷ್ಟು ಕಳಿಸಿ. ರಾತ್ರಿ ಕಳಿಸಿದ್ದಕ್ಕೆ ಬೆಳಗ್ಗೆ 10ರ ನಂತರ ಉತ್ತರ ಬರುತ್ತದೆ." ಬೆಳಗ್ಗೆ ನೀವು ಫೋನ್ ತೆಗೆದಾಗ ಆರ್ಡರಿನ ವಿವರವೆಲ್ಲ ಬಂದು ಕೂತಿರುತ್ತದೆ. ಇಲ್ಲದಿದ್ದರೆ ಅದನ್ನೇ ಒಂದೊಂದಾಗಿ ಕೇಳುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಯಾರಿಗೆ ಹೋಗಬೇಕು ಅನ್ನುವ ಕಡೆ "ಕಾಂಟ್ಯಾಕ್ಟಿನಲ್ಲಿ ಇಲ್ಲದವರಿಗೆ ಮಾತ್ರ" ಅನ್ನುವುದನ್ನು ಆರಿಸಿ. ಇಲ್ಲದಿದ್ದರೆ ಮೈದಾ ಸರಬರಾಜು ಮಾಡುವವರಿಗೂ, ಊರಿಂದ ಮೆಸೇಜ್ ಮಾಡಿದ ದೊಡ್ಡಮ್ಮನಿಗೂ ಕೇಕಿನ ವಿವರ ಹೋಗುತ್ತದೆ.

ಇದರ ಮಿತಿ ಎಲ್ಲಿ? ಅವೇ (Away) ಮೆಸೇಜ್ ಹೋಗಬೇಕಾದರೆ ನಿಮ್ಮ ಫೋನಿಗೆ ಇಂಟರ್ನೆಟ್ ಇರಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಹೋಮ್‌ಸ್ಟೇ ನಡೆಸುವವರಿಗೆ ಇದು ಸಣ್ಣ ವಿಷಯವಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರ್ ಹೋಗಿ, ವಾರದ ಕೊನೆಗೆ ರೂಮ್ ಕೇಳಿದವರು ಉತ್ತರ ಕಾಣದೆ ಬೇರೆ ಕಡೆ ಬುಕ್ ಮಾಡಿರುತ್ತಾರೆ. ಇನ್ನೊಂದು, ಏನು ಕೇಳಿದರೂ ಹೋಗುವುದು ಅದೇ ಒಂದು ಉತ್ತರ. ಬೆಲೆ ಕೇಳಿದವರಿಗೆ ಬೆಲೆ, ದಾರಿ ಕೇಳಿದವರಿಗೆ ಮ್ಯಾಪ್ ಅಂತ ಬೇರೆ ಬೇರೆ ಕೊಡೋಕಾಗಲ್ಲ. ಇಬ್ಬರು ಮೂವರು ಕೆಲಸದವರು ಸೇರಿ ಉತ್ತರ ಕೊಡಬೇಕಾದರೆ ಮುಖ್ಯ ಫೋನಿನ ಜೊತೆ ಇನ್ನೂ ನಾಲ್ಕು ಕಡೆ ಲಿಂಕ್ ಮಾಡಬಹುದು, ಸಣ್ಣ ಅಂಗಡಿಗೆ ಅಷ್ಟು ಸಾಕು.

ಮಧ್ಯದ ಅಡ್ಡದಾರಿಗಳು ಬೇಡ

ಪ್ಲೇ ಸ್ಟೋರಿನಲ್ಲಿ ನೋಟಿಫಿಕೇಶನ್ ಓದಿ ತಾವೇ ಉತ್ತರ ಕಳಿಸುವ ಆ್ಯಪ್‌ಗಳಿವೆ. ವಾಟ್ಸಾಪ್ ವೆಬ್ಬಿನ ಹಿಂದೆ ಕೂತು ನಡೆಯುವ, ಪುಕ್ಕಟೆ ಸಿಗುವ ಕೋಡ್ ಲೈಬ್ರರಿಗಳೂ ಇವೆ. ಒಂದು ದಿನದಲ್ಲಿ ಚಾಲೂ ಆಗುತ್ತವೆ, ಅದು ನಿಜ. ಆದರೆ ಅನುಮತಿ ಇಲ್ಲದ ಆಟೋಮ್ಯಾಟಿಕ್ ಮೆಸೇಜ್ ವಾಟ್ಸಾಪಿನ ನಿಯಮಕ್ಕೆ ವಿರುದ್ಧ, ನಂಬರ್ ಬ್ಯಾನ್ ಮಾಡಬಹುದು. ವರ್ಷಗಟ್ಟಲೆ ಗ್ರಾಹಕರ ಫೋನಿನಲ್ಲಿ ಸೇವ್ ಆಗಿರುವ ನಂಬರನ್ನು ಪಣಕ್ಕಿಡುವಷ್ಟು ಲಾಭ ಇದರಲ್ಲಿ ಇಲ್ಲ. "ಅಫಿಶಿಯಲ್ ಎಪಿಐಗಿಂತ ಅಗ್ಗ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು" ಅಂತ ಯಾರಾದರೂ ಮಾರಲು ಬಂದರೆ ಹೆಚ್ಚಾಗಿ ಇದೇ ಸರಕು. ಕೇಳಿಯೇ ತಗೊಳ್ಳಿ.

ಎಪಿಐ ಯಾವಾಗ

ಒಂದೇ ಉತ್ತರದ ಪ್ರಶ್ನೆಗಳೇ ದಿನಕ್ಕೆ ನೂರು ದಾಟಿದಾಗ, ಅಥವಾ ಫೋನ್ ಆಫ್ ಆಗಿದ್ದರೂ ಉತ್ತರ ಹೋಗಲೇಬೇಕು ಅಂದಾಗ, ಅಥವಾ ಉತ್ತರ ನಿಮ್ಮ ಬಿಲ್ಲಿಂಗ್‌ನಿಂದಲೋ ಬುಕಿಂಗ್ ಪಟ್ಟಿಯಿಂದಲೋ ಬರಬೇಕು ಅಂದಾಗ. ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಇಲ್ಲಿಗೆ ಬರುವ ಅಗತ್ಯ ಇಲ್ಲ.

ಇಲ್ಲಿ ಮೆಸೇಜ್ ಬರುವುದು ಫೋನಿಗಲ್ಲ, ವಾಟ್ಸಾಪಿನ ಒಡೆತನದ ಕಂಪನಿ ಮೆಟಾದ ಸರ್ವರಿಗೆ. ಅಲ್ಲಿಂದ ವೆಬ್‌ಹುಕ್ ಮೂಲಕ, ಅಂದರೆ ಮೆಸೇಜ್ ಬಂದ ಕೂಡಲೇ ಮೆಟಾ ಅದನ್ನು ಕಳಿಸುವ ನಿಮ್ಮ ವೆಬ್ ವಿಳಾಸದ ಮೂಲಕ, ನಿಮ್ಮ ಪ್ರೋಗ್ರಾಮಿಗೆ ಬರುತ್ತದೆ, ಪ್ರೋಗ್ರಾಮ್ ಉತ್ತರ ಕಳಿಸುತ್ತದೆ. 2022ರಲ್ಲಿ ಕ್ಲೌಡ್ ಎಪಿಐ ಬಂದ ಮೇಲೆ ವಾಟ್ಸಾಪಿನ ಕಡೆಯ ಸರ್ವರನ್ನು ನಾವು ನಡೆಸಬೇಕಾಗಿಲ್ಲ. ಮೆಟಾದ ಡೆವಲಪರ್ ಖಾತೆ ತೆರೆದರೆ ಪರೀಕ್ಷೆಗೆ ಅಂತ ಒಂದು ನಂಬರ್ ಕೊಡುತ್ತಾರೆ, ಐದು ಜನರಿಗೆ ಕಳಿಸಿ ನೋಡಬಹುದು. ದುಡ್ಡು ಕಟ್ಟುವ ಮುಂಚೆ ಅದನ್ನು ಬಳಸಿಯೇ ನೋಡಿ.

ಖರ್ಚಿನ ವಿಷಯದಲ್ಲಿ ತುಂಬ ಜನರಿಗೆ ಗೊತ್ತಿಲ್ಲದ ಒಂದು ಮಾತು. ಗ್ರಾಹಕರು ಬರೆದ ಹೊತ್ತಿನಿಂದ 24 ಗಂಟೆಯೊಳಗೆ ನೀವು ಕಳಿಸುವ ಸಾದಾ ಉತ್ತರಕ್ಕೆ 2024ರ ನವೆಂಬರ್ 1ರಿಂದ ಮೆಟಾ ದುಡ್ಡು ತಗೊಳ್ಳುವುದಿಲ್ಲ. ಅದು ಕಾಸು ತಗೊಳ್ಳುವುದು ನೀವಾಗಿ ಶುರು ಮಾಡುವ, ಮೊದಲೇ ಮಾದರಿ ಬರೆದಿಟ್ಟ ಟೆಂಪ್ಲೇಟ್ ಮೆಸೇಜಿಗೆ, 2025ರ ಜುಲೈ 1ರಿಂದ ಅದು ಮೆಸೇಜಿಗಿಷ್ಟು ಅನ್ನುವ ಲೆಕ್ಕ. ಅಂದರೆ ಬರೀ ಉತ್ತರ ಕೊಡುವ ವ್ಯವಸ್ಥೆಗೆ ಮೆಟಾದ ಬಿಲ್ ಸೊನ್ನೆ. ಉಳಿಯುವುದು ಡೆವಲಪರ್ ಖರ್ಚು, ಸಣ್ಣ ಸರ್ವರ್ ಬಾಡಿಗೆ. ಅದೂ ಬೇಡ ಅಂದರೆ ಗಪ್‌ಶಪ್, ವಾಟಿ, ಇಂಟರಾಕ್ಟ್, ಐಸೆನ್ಸಿಯಂಥ ಕಂಪನಿಗಳ ತಿಂಗಳ ಪ್ಲಾನ್. ಪ್ಲಾನ್ ಮಾರುವವರು "ಮೆಸೇಜಿಗೆ ಇಷ್ಟು ಪೈಸೆ" ಅಂದಾಗ ಯಾವ ಮೆಸೇಜಿಗೆ ಅಂತ ಕೇಳಿ. ಉತ್ತರಕ್ಕೂ ಕಾಸು ಹಾಕುತ್ತಿದ್ದರೆ ಅದು ಅವರ ಲೆಕ್ಕ.

ಡೆವಲಪರ್ ಇಟ್ಟುಕೊಂಡು ಸ್ವಂತ ಕಟ್ಟುವುದಾ, ಪ್ಲಾನ್ ತಗೊಳ್ಳುವುದಾ? ಮನೆಯಲ್ಲಿ, ಆಫೀಸಿನಲ್ಲಿ ಕೋಡ್ ಬರೆಯುವವರು ಒಬ್ಬರಿದ್ದು, ನಾಳೆ ಕೆಟ್ಟಾಗಲೂ ಅವರೇ ಸಿಗುತ್ತಾರೆ ಅನ್ನುವ ಧೈರ್ಯ ಇದ್ದರೆ ಸ್ವಂತ. ಇಲ್ಲದಿದ್ದರೆ ಪ್ಲಾನ್. ಒಂದು ಸಲ ಮಾಡಿಕೊಟ್ಟು ಹೋಗುವ ಫ್ರೀಲಾನ್ಸರ್ ಕೈಯಲ್ಲಿ ಮಾಡಿಸುವುದು ಈ ಎರಡಕ್ಕಿಂತಲೂ ಕಷ್ಟದ ದಾರಿ, ಯಾಕೆಂದರೆ ಟೋಕನ್, ಅಂದರೆ ಪ್ರೋಗ್ರಾಮ್ ಮೆಟಾಗೆ ತೋರಿಸುವ ಗುರುತಿನ ಕೀಲಿ, ಅವಧಿ ಮುಗಿದು ಉತ್ತರ ನಿಂತರೆ ನಿಮಗೆ ಗೊತ್ತಾಗುವುದು ಗ್ರಾಹಕರು ಬೈದಾಗಲೇ.

ಕಟ್ಟುವವರಿಗೆ ನಾಲ್ಕು ಮಾತು, ಇಲ್ಲೇ ಹೆಚ್ಚಿನ ಕೆಲಸ ಕೆಡುವುದು.

ಪದ ಹುಡುಕಿ ಉತ್ತರ ಕೊಡುವ ವಿಧಾನ ಕನ್ನಡ ಗ್ರಾಹಕರ ಹತ್ತಿರ ನಿಲ್ಲುವುದಿಲ್ಲ. ಬೆಲೆ, ರೇಟು, ಎಷ್ಟಾಗುತ್ತೆ, ಎಷ್ಟ್ರೀ, ಎಲ್ಲವೂ ಒಂದೇ ಪ್ರಶ್ನೆ. ಅರ್ಧಕ್ಕರ್ಧ ಜನ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ವಯಸ್ಸಾದವರು ಬರೆಯುವುದೇ ಇಲ್ಲ, ವಾಯ್ಸ್ ಕಳಿಸುತ್ತಾರೆ. ಹಾಗಾಗಿ ಬಟನ್ ಕೊಡಿ. ಒಂದು ಮೆಸೇಜಿಗೆ ಮೂರು ಬಟನ್, ಪಟ್ಟಿಯ ರೂಪದಲ್ಲಾದರೆ ಹತ್ತು ಸಾಲು ಹಾಕಬಹುದು. ಬಟನ್ ಮೇಲೆ 20 ಅಕ್ಷರದ ಮಿತಿ ಇದೆ, ಇಲ್ಲೂ ಒತ್ತು ಗುಣಿತ ಬೇರೆ ಲೆಕ್ಕ. "ಅಂಗಡಿಯವರ ಜೊತೆ ಮಾತಾಡಿ" ಸರಿಯಾಗಿ 20ಕ್ಕೆ ಕೂರುತ್ತದೆ, "ಅಂಗಡಿಯವರೊಂದಿಗೆ ಮಾತಾಡಿ" ಅಂದರೆ ಒಂದು ಜಾಸ್ತಿಯಾಗಿ ಮೆಸೇಜೇ ಹೋಗುವುದಿಲ್ಲ. ಆ ಬಟನ್ ಮಾತ್ರ ಎಲ್ಲ ಮೆಸೇಜಿನಲ್ಲೂ ಇರಲಿ. ಯಂತ್ರದ ಜೊತೆ ಸಿಕ್ಕಿಹಾಕಿಕೊಂಡೆ ಅಂತ ಗ್ರಾಹಕರಿಗೆ ಅನ್ನಿಸಬಾರದು.

ವಾಯ್ಸ್ ಮೆಸೇಜ್, ಫೋಟೋ ಬಂದಾಗ ಪ್ರೋಗ್ರಾಮ್ ಸುಮ್ಮನಿರಬಾರದು. ಕನ್ನಡದ ಮಾತನ್ನು ಬರಹ ಮಾಡುವ ಸೇವೆಗಳು ಈಗಿವೆ, ಕೇಂದ್ರ ಸರ್ಕಾರದ ಭಾಷಿಣಿ ಇದೆ, ಬೆಂಗಳೂರಿನ ಸರ್ವಂ ಎಐ ಇದೆ. ಶುರುವಿನಲ್ಲಿ ಅಷ್ಟೆಲ್ಲ ಬೇಡ. "ನಿಮ್ಮ ವಾಯ್ಸ್ ಬಂದಿದೆ, ಕೇಳಿಸಿಕೊಂಡು ಹೇಳ್ತೀವಿ" ಅಂತ ಒಂದು ಸಾಲು ಹೋಗಿ, ಅದು ನಿಮ್ಮ ಮುಂದಿನ ಪಟ್ಟಿಯಲ್ಲಿ ಮೇಲೆ ಬಂದರೆ ಸಾಕು.

ವೆಬ್‌ಹುಕ್‌ಗೆ "ಬಂತು" ಅನ್ನುವ ಅರ್ಥದ 200 ಕೋಡಿನ ಉತ್ತರವನ್ನು ತಕ್ಷಣ ಕೊಡಿ, ಬೆಲೆ ಹುಡುಕುವ ಕೆಲಸ ಆಮೇಲೆ ಮಾಡಿ. ತಡವಾದರೆ ಮೆಟಾ ಅದೇ ಮೆಸೇಜನ್ನು ಮತ್ತೆ ಕಳಿಸುತ್ತದೆ, ನಿಮ್ಮ ಪ್ರೋಗ್ರಾಮ್ ಒಬ್ಬರಿಗೇ ಮೂರು ಸಲ ಉತ್ತರ ಕೊಡುತ್ತದೆ. ಪ್ರತಿ ಮೆಸೇಜಿಗೆ ಒಂದು ಐಡಿ ಬರುತ್ತದೆ, ಅದನ್ನು ಬರೆದಿಟ್ಟುಕೊಂಡು ಒಮ್ಮೆ ಉತ್ತರ ಕೊಟ್ಟಿದ್ದಕ್ಕೆ ಮತ್ತೆ ಕೊಡದ ಹಾಗೆ ನೋಡಿಕೊಳ್ಳಿ.

ನಾಲ್ಕನೆಯದೇ ಮುಖ್ಯ. ಅಂಗಡಿಯವರು ಮಾತಿಗೆ ಇಳಿದ ಮೇಲೆ ಆ ನಂಬರಿನ ಮಟ್ಟಿಗೆ ಬಾಟ್, ಅಂದರೆ ತಾನಾಗಿ ಉತ್ತರಿಸುವ ಪ್ರೋಗ್ರಾಮ್, ಬಾಯಿ ಮುಚ್ಚಿಕೊಂಡಿರಬೇಕು, ಕಡೇಪಕ್ಷ ಎರಡು ಮೂರು ಗಂಟೆ. ಹಣ ವಾಪಸ್ ಕೇಳಿ ಬೇಸರದಲ್ಲಿರುವವರ ಜೊತೆ ನೀವು ಸಮಾಧಾನದಿಂದ ಮಾತಾಡುತ್ತಿರುವಾಗ ಮಧ್ಯೆ "ನಮಸ್ಕಾರ, ನಮ್ಮ ಹೊಸ ಕೇಕ್ ನೋಡಿ" ಅಂತ ಬಂದರೆ ಆ ಗ್ರಾಹಕರು ಕೈಬಿಟ್ಟ ಹಾಗೆಯೇ.

ಎಐ ಹಾಕಿ ಎಲ್ಲದಕ್ಕೂ ಅದು ತಾನೇ ಉತ್ತರ ಕೊಡುವ ಹಾಗೆ ಮಾಡಬಹುದಲ್ಲ ಅಂತ ಈಗ ಎಲ್ಲರೂ ಕೇಳುತ್ತಾರೆ. ಗ್ರಾಹಕರು ಏನು ಕೇಳುತ್ತಿದ್ದಾರೆ ಅಂತ ಅರ್ಥ ಮಾಡಿಕೊಳ್ಳೋಕೆ ಅದನ್ನು ಬಳಸಿ, ಚೆನ್ನಾಗಿ ಮಾಡುತ್ತದೆ, ಇಂಗ್ಲಿಷ್ ಅಕ್ಷರದ ಕನ್ನಡವನ್ನೂ ಸುಮಾರಾಗಿ ಹಿಡಿಯುತ್ತದೆ. ಆದರೆ ಬೆಲೆ, ದಿನಾಂಕ, ವಾಪಸಾತಿಯ ನಿಯಮ, ಇವು ಮಾತ್ರ ನಿಮ್ಮ ಪಟ್ಟಿಯಿಂದಲೇ ಬರಬೇಕು, ಎಐ ಬಾಯಿಂದ ಅಲ್ಲ. ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು. ಬಾಟ್ ಹೇಳಿದ್ದಕ್ಕೆ ನಾವು ಹೊಣೆಯಲ್ಲ ಅಂತ ಕಂಪನಿ ವಾದ ಮಾಡಿತು, 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಆ ವಾದ ಒಪ್ಪದೆ ದುಡ್ಡು ಕೊಡಿ ಅಂತ ಹೇಳಿತು. ನಿಮ್ಮ ನಂಬರಿನಿಂದ ಹೋದ ಮಾತು ನಿಮ್ಮದೇ ಅಂತ ಗ್ರಾಹಕರು ನಂಬುತ್ತಾರೆ, ನಂಬಬೇಕಾದ್ದೂ ಹಾಗೆಯೇ.

ಉಳಿದವು ಬೇಗ ಹೇಳಿಬಿಡುತ್ತೇನೆ. ಟೆಲಿಗ್ರಾಂ ಬಾಟ್ ಪುಕ್ಕಟೆ, ಕಟ್ಟೋಕೆ ಎಲ್ಲಕ್ಕಿಂತ ಸುಲಭ. ನಿಮ್ಮ ಗ್ರಾಹಕರು ಅಲ್ಲಿದ್ದರೆ, ಅಂದರೆ ಪರೀಕ್ಷೆ ತಯಾರಿಯ ಕೋಚಿಂಗ್ ಥರದ್ದು ನಡೆಸುತ್ತಿದ್ದರೆ, ತಗೊಳ್ಳಿ. ದಿನಸಿ ಅಂಗಡಿಗೆ ಬೇಡ. ಮಿಸ್ಡ್ ಕಾಲ್ ಕೊಟ್ಟರೆ ಮಾಹಿತಿ ಕಳಿಸುವ ಪದ್ಧತಿ ನಮ್ಮಲ್ಲಿ ಹಳೆಯದು, ಅದನ್ನೇ ವ್ಯಾಪಾರ ಮಾಡಿಕೊಂಡ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು 2015ರಲ್ಲಿ ಟ್ವಿಟರ್ ಕೊಂಡಿತ್ತು. ಬೀಜ ಗೊಬ್ಬರದ ಅಂಗಡಿ, ನರ್ಸರಿ, ಹೀಗೆ ಬರೆಯುವುದಕ್ಕಿಂತ ಕರೆ ಮಾಡುವವರೇ ಜಾಸ್ತಿ ಇರುವ ಕಡೆ ಇವತ್ತಿಗೂ ಅದಕ್ಕೆ ಅರ್ಥ ಇದೆ, ಆದರೆ ಉತ್ತರ ಎಸ್ಸೆಮ್ಮೆಸ್ಸಿನಲ್ಲಿ ಹೋಗುವುದಾದರೆ ಮೇಲೆ ಹೇಳಿದ ಡಿಎಲ್‌ಟಿ ಕೆಲಸ ತಪ್ಪುವುದಿಲ್ಲ.

ಯಾವುದನ್ನು ಆರಿಸಿದರೂ ಚಾಲೂ ಮಾಡುವ ಮುಂಚೆ, ನಿಮ್ಮ ಕಾಂಟ್ಯಾಕ್ಟಿನಲ್ಲಿ ಇಲ್ಲದ ಒಂದು ನಂಬರಿನಿಂದ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿ ನೋಡಿ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಒಮ್ಮೆ ವಾಯ್ಸ್, ಒಮ್ಮೆ ಬರೀ ಫೋಟೋ, ಒಮ್ಮೆ "ಹಲೋ" ಅಂತ ಮಾತ್ರ.

ಪ್ಲಾನ್ ತಗೊಳ್ಳುವವರು ಎರಡು ವಿಷಯವನ್ನು ಬರಹದಲ್ಲಿ ಕೇಳಿಕೊಳ್ಳಿ. ಈಗಿನ ನಂಬರನ್ನು ಫೋನಿನ ಬಿಸಿನೆಸ್ ಆ್ಯಪ್‌ನಲ್ಲೂ ಎಪಿಐನಲ್ಲೂ ಒಟ್ಟಿಗೆ ಇಟ್ಟುಕೊಳ್ಳುವ ಸೌಲಭ್ಯ ಬಂದಿದೆ, ಅದನ್ನು ಇವರು ಕೊಡುತ್ತಾರಾ? ಕೊಡದಿದ್ದರೆ ಫೋನಿನಲ್ಲಿ ಚಾಟ್ ನೋಡುವ ಅಭ್ಯಾಸ ಬಿಡಬೇಕಾಗುತ್ತದೆ, ಅಥವಾ ಬಾಟಿಗೆ ಅಂತ ಹೊಸ ನಂಬರ್ ತಗೊಳ್ಳಬೇಕು. ಎರಡನೆಯದು, ವಾಟ್ಸಾಪ್ ಬಿಸಿನೆಸ್ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಜಿಎಸ್‌ಟಿ ಅಥವಾ ಉದ್ಯಮ್ ಕಾಗದದ ಮೇಲೆ ಆಗುತ್ತಾ, ಅವರದರಲ್ಲಾ? ನಿಮ್ಮದರಲ್ಲಿದ್ದರೆ ನಾಳೆ ಸರಿಬರದಾಗ ನಂಬರ್ ಸಮೇತ ಬೇರೆ ಕಂಪನಿಗೆ ಹೋಗಬಹುದು. ಇದಕ್ಕೆ ನೇರ ಉತ್ತರ ಕೊಡದವರಿಗೆ ವರ್ಷದ ದುಡ್ಡು ಮುಂಗಡ ಕಟ್ಟಬೇಡಿ.